ಸರಕಿನ ಗುರುತು

ಮಕ್ಕಳೇ, ಆದೋನಿಯ ಅಂಗಡಿಯಲ್ಲಿ ಮೈಸೂರು ಸ್ಯಾಂಡಲ್ ಸಾಬೂನನ್ನು ನೋಡಿರುವಿರಾ? ಅದರ ಮೇಲೆ ಆನೆಯ ತಲೆ, ಸಿಂಹದ ಮೈಯುಳ್ಳ ಶರಭದ ಚಿತ್ರವಿದೆ. ಓದು ಬಾರದ ಅಜ್ಜಿಯೂ ಆ ಚಿತ್ರದಿಂದಲೇ ಸಾಬೂನನ್ನು ಗುರುತಿಸುವಳು. ಇಂತಹ ಗುರುತೇ ಟ್ರೇಡ್‌ಮಾರ್ಕ್. ಬೇರೆಯವರು ಅದೇ ಚಿತ್ರ ಹಾಕಿ ಕಳಪೆ ಸಾಬೂನು ಮಾರಿದರೆ? ಅಜ್ಜಿ ಮೋಸಹೋಗುವಳು, ಒಳ್ಳೆಯ ಸಾಬೂನಿಗೂ ಕೆಟ್ಟ ಹೆಸರು! ಆದುದರಿಂದ ಗುರುತನ್ನು ಸರಕಾರದಲ್ಲಿ ನೋಂದಾಯಿಸುತ್ತಾರೆ.

ಕರ್ನಾಟಕ ಸರಕಾರದ ಈ ಸಾಬೂನು ಹೊರದೇಶಗಳಿಗೂ ಹೋಗುತ್ತದೆ. ಆದರೆ ಭಾರತದ ನೋಂದಣಿ ಅಲ್ಲಿ ನಡೆಯದು. ನಮ್ಮ ರೂಪಾಯಿ ಜಪಾನಿನ ಅಂಗಡಿಯಲ್ಲಿ ನಡೆಯುವುದೇ? ಇದೂ ಹಾಗೆಯೇ. ಸರಕು ಮಾರುವ ದೇಶದಲ್ಲಿಯೂ ನೋಂದಾಯಿಸಬೇಕು. 2013ರಲ್ಲಿ ಭಾರತವು ಮ್ಯಾಡ್ರಿಡ್ ಒಡಂಬಡಿಕೆಗೆ ಸೇರಿತು. ಅಂದಿನಿಂದ ಇಲ್ಲಿಂದಲೇ ಒಂದು ಅರ್ಜಿ ಹಾಕಿ ಹಲವು ದೇಶಗಳನ್ನು ಕೇಳಬಹುದು. ಒಪ್ಪುವುದು, ಬಿಡುವುದು ಆಯಾ ದೇಶಕ್ಕೆ ಸೇರಿದ್ದು. ಹತ್ತು ವರ್ಷಕ್ಕೊಮ್ಮೆ ಹಣ ಕಟ್ಟಿ ನವೀಕರಿಸಬೇಕು. ಗುರುತನ್ನು ಬಹುಕಾಲ ಬಳಸದಿದ್ದರೂ ಹಕ್ಕು ಹೋಗಬಹುದು.