ಒಂದು ನಿಮಿಷ ಇದೆಯಾ, ಡಾಕ್ಟ್ರೇ?

ಇಂಗ್ಲೆಂಡಿಗೆ ಬಂದ ಹೊಸತು. ಆಸ್ಪತ್ರೆಯ ಹಿರಿಯ ವೈದ್ಯರೊಬ್ಬರು ಬಾಗಿಲಲ್ಲಿ ಇಣುಕಿ “ಹ್ಯಾವ್ ಯೂ ಗಾಟ್ ಎ ಮಿನಿಟ್?” ಎಂದರು. ಒಂದೇ ನಿಮಿಷ ತಾನೇ ಎಂದು ಕೈಲಿದ್ದ ಟೀ ಕೆಳಗಿಟ್ಟು ಅವರ ಹಿಂದೆ ಹೋದೆ. ವಾರ್ಡಿನಿಂದ ಮರಳಿದಾಗ ಇಪ್ಪತ್ತೈದು ನಿಮಿಷವಾಗಿತ್ತು, ಟೀ ತಣ್ಣಗೆ ಕೂತಿತ್ತು. ನಮ್ಮ ಹಿರಿಯರ ಲೆಕ್ಕದಲ್ಲಿ ಒಂದು ಗಳಿಗೆ ಎಂದರೆ 24 ನಿಮಿಷ. ಆ ಪುಣ್ಯಾತ್ಮರು ಕೇಳಿದ್ದು ಮಿನಿಟನ್ನಲ್ಲ, ಗಳಿಗೆಯನ್ನು!

ಬಿಡುವನ್ನು ಹೀಗೆ ಚಿಲ್ಲರೆ ಮಾಡಿ ಕೇಳುವುದು ಇಲ್ಲಿನವರ ಸೌಜನ್ಯ. ‘ಗಾಟ್ ಎ ಸೆಕ್?’, ‘ಕ್ವಿಕ್ ವರ್ಡ್’, ‘ವೆನ್ ಯೂ ಗೆಟ್ ಎ ಚಾನ್ಸ್’. ಈ ಕೊನೆಯದು ಹಿರಿಯ ನರ್ಸ್ ಬಾಯಿಂದ ಬಂದರೆ ‘ಈಗಲೇ ಬಾ’ ಎಂದರ್ಥ. ಸುಮ್ಮನೆ ಹೊತ್ತು ಕಳೆಯುವುದು ‘ಕಿಲ್ಲಿಂಗ್ ಟೈಮ್’. ಡಾಕ್ಟರ ಬಾಯಲ್ಲಿ ಆ ‘ಕಿಲ್’ ಅಷ್ಟು ಚೆನ್ನಾಗಿರದು ಎಂದು ನಾನು ಬಳಸುವುದಿಲ್ಲ. ‘ಬ್ರೀದರ್’ ಮಾತ್ರ ನನಗೆ ಬಹಳ ಇಷ್ಟ. ನಾವೂ ‘ಉಸಿರಾಡೋಕೂ ಪುರುಸೊತ್ತಿಲ್ಲ’ ಎನ್ನುತ್ತೇವಲ್ಲ! ಅಂದಹಾಗೆ, ಈ ಪುರುಸೊತ್ತೂ ಹೊರಗಿನಿಂದಲೇ ಬಂದದ್ದು. ಅರಬ್ಬಿ ಮೂಲದ ‘ಫುರ್ಸತ್’ ಪಾರಸಿಯ ದಾರಿ ಹಿಡಿದು ಬಂದು ನಮ್ಮದೇ ಆಗಿಹೋಗಿದೆ.

ನಾನೀಗ ಜಿ.ಪಿ. ಒಬ್ಬ ರೋಗಿಗೆ ಸಾಮಾನ್ಯವಾಗಿ 10 ನಿಮಿಷ. ಅದರಲ್ಲಿ ಒಂಬತ್ತು ನಿಮಿಷ ಮೊಣಕಾಲು ನೋವಿನ ಕಥೆ ಹೇಳಿದವರು ಎದ್ದು, ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, “ಇಫ್ ಯೂ ಹ್ಯಾವ್ ಎ ಸೆಕೆಂಡ್, ಡಾಕ್ಟರ್...” ಎನ್ನುತ್ತಾರೆ. ತಕ್ಷಣ ಮತ್ತೆ ಕೂರಿಸುತ್ತೇನೆ. ಸ್ತನದಲ್ಲಿ ಸಿಕ್ಕಿದ ಗಂಟು, ಮಲದಲ್ಲಿ ಕಂಡ ರಕ್ತ, ಬದುಕು ಸಾಕೆನಿಸಿದ್ದು, ಎಲ್ಲ ಆ ‘ಸೆಕೆಂಡ್’ನಲ್ಲೇ ಹೊರಗೆ ಬರುವುದು. ಹೊರಗೆ ಕಾಯುವವರು ಗೊಣಗುತ್ತಾರೆ, ಗೊಣಗಲಿ. ತರಬೇತಿಗೆ ಬರುವ ಎಳೆಯ ವೈದ್ಯರಿಗೂ ಇದನ್ನೇ ಹೇಳಿಕೊಡುತ್ತೇನೆ.

ಇಂಗ್ಲಿಷರ ಸೆಕೆಂಡನ್ನು ಇಷ್ಟು ಚೆನ್ನಾಗಿ ಕಲಿತವನಿಗೆ ಮನೆಯ ಕನ್ನಡ ಅರ್ಥವಾಗಲಿಲ್ಲ. 2011ರ ಚಳಿಗಾಲದ ಒಂದು ಬುಧವಾರ ಶಿವಮೊಗ್ಗದಿಂದ ಅಮ್ಮ ಫೋನ್ ಮಾಡಿದಳು.

“ಪುರುಸೊತ್ತಿದ್ಯೇನೋ?”

“ಕೆಲಸದಲ್ಲಿದೀನಿ ಅಮ್ಮ, ಆಮೇಲೆ ಮಾಡ್ಲಾ?”

“ಪುರುಸೊತ್ತಾದಾಗ ಮಾಡಪ್ಪ. ಅವಸರ ಏನಿಲ್ಲ.”

ನಾನು ಮಾಡಿದ್ದು ಭಾನುವಾರ. ಫೋನ್ ಎತ್ತಿದವನು ತಮ್ಮ, ಆಸ್ಪತ್ರೆಯಿಂದ. ಒಂದು ವಾರದಿಂದ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರಂತೆ, ರಾತ್ರಿ ಮಲಗಲೂ ಆಗದೆ ದಿಂಬಿಗೆ ಒರಗಿ ಕೂರುತ್ತಿದ್ದಳಂತೆ. ಹೃದಯದ ತೊಂದರೆ ಎನ್ನಲು ಎಂ.ಡಿ. ಬೇಕಿಲ್ಲ, ಕೇಳಿಸಿಕೊಳ್ಳುವ ಕಿವಿ ಬೇಕಿತ್ತು.

ಅಮ್ಮ ಚೇತರಿಸಿಕೊಂಡಳು. ಊರಿಗೆ ಓಡಿಹೋದಾಗ ಕೇಳಿದೆ, “ಅವತ್ತೇ ಯಾಕೆ ಹೇಳಲಿಲ್ಲ?”

“ನಿನಗೆ ಪುರುಸೊತ್ತಿರಲಿಲ್ಲವಲ್ಲೋ” ಎಂದಳು. ಅದರಲ್ಲಿ ಮುನಿಸು ಇರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತೋ ಏನೋ.

ಆಮೇಲೆ ಆರು ವರ್ಷ ಇದ್ದಳು. ಇಲ್ಲಿ ಬೆಳಿಗ್ಗೆ ಏಳು ಎಂದರೆ ಅಲ್ಲಿ ಮಧ್ಯಾಹ್ನದ ಊಟದ ಹೊತ್ತು. ಕೆಲಸಕ್ಕೆ ಹೊರಡುವ ಮೊದಲು ದಿನವೂ ನಾನೇ ಫೋನ್ ಮಾಡುತ್ತಿದ್ದೆ. ಏನು ಸಾರು, ಮಾತ್ರೆ ತಗೊಂಡ್ಯಾ, ಪಕ್ಕದ ಮನೆಯವರ ಹಸು ಕರು ಹಾಕಿತಾ, ಇಷ್ಟೇ ಮಾತು. ಇನ್ನೇನು ಇಡಬೇಕು ಎನ್ನುವಾಗ ಅಮ್ಮ “ಮತ್ತೆ...” ಎಂದು ತಡೆದರೆ, ಕೈಲಿದ್ದ ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟು ಕುಳಿತುಕೊಳ್ಳುತ್ತಿದ್ದೆ.