ಸ್ನಾನದ ನೀರು ಬೇಗ ಇಳಿಯುತ್ತಿಲ್ಲವೇ? ಆ್ಯಸಿಡ್ ಸುರಿಯುವ ಮೊದಲು ಜಾಲರಿ ಎತ್ತಿ ನೋಡಿ

ಶವರ್ ಕೆಳಗೆ ನಿಂತು ಎರಡು ನಿಮಿಷ ಆಗುವಷ್ಟರಲ್ಲಿ ಪಾದ ಮುಳುಗುವಷ್ಟು ನೀರು ನಿಲ್ಲುತ್ತಿದೆಯೇ? ನಗರದ ಫ್ಲ್ಯಾಟ್‌ಗಳಲ್ಲಿ ಇದು ಮಾಮೂಲಿ ತೊಂದರೆ. ಕೂಡಲೇ ಅಂಗಡಿಯಿಂದ ಆ್ಯಸಿಡ್ ಬಾಟಲಿ ತಂದು ಸುರಿಯುವವರೇ ಹೆಚ್ಚು. ಆದರೆ ಸಾಮಾನ್ಯವಾಗಿ ಕಸ ಸಿಕ್ಕಿಕೊಂಡಿರುವುದು ಪೈಪಿನ ಆಳದಲ್ಲಲ್ಲ, ಕೈಗೆ ಎಟುಕುವ ಜಾಗದಲ್ಲೇ. ಕೈಗವಸು, ಸ್ಕ್ರೂಡ್ರೈವರ್ ಮತ್ತು ಒಂದು ತುಂಡು ತಂತಿ ಇದ್ದರೆ ಮನೆಯಲ್ಲೇ ಸರಿಪಡಿಸಬಹುದು.

ನೀರು ನಿಲ್ಲುವುದೇಕೆ?

ಮುಖ್ಯ ಕಾರಣ ಕೂದಲು. ಅದಕ್ಕೆ ತಲೆಗೆ ಹಚ್ಚಿದ ಎಣ್ಣೆ, ಸೀಗೆಪುಡಿ, ಕಡಲೆಹಿಟ್ಟು ಮೆತ್ತಿಕೊಳ್ಳುತ್ತವೆ. ಬೋರ್‌ವೆಲ್ ಅಥವಾ ಟ್ಯಾಂಕರ್‌ನ ಗಡಸು ನೀರಾದರೆ ಅದರಲ್ಲಿರುವ ಕ್ಯಾಲ್ಸಿಯಂ ಸೋಪಿನ ಜತೆ ಸೇರಿ ಬಿಳಿ ಜಿಡ್ಡಾಗುತ್ತದೆ. ಇವೆಲ್ಲ ಸೇರಿ ಗಟ್ಟಿ ಉಂಡೆಯಾಗುತ್ತವೆ.

ಜಾಲರಿಯ ಕೆಳಗೆ ಬಟ್ಟಲಿನಂಥ ಭಾಗವೊಂದಿದೆ. ಪ್ಲಂಬರ್‌ಗಳು ಇದನ್ನು ನಹಾನಿ ಟ್ರ್ಯಾಪ್ ಎನ್ನುತ್ತಾರೆ. ಇದರಲ್ಲಿ ಸುಮಾರು 5 ಸೆಂ.ಮೀ. ನೀರು ಸದಾ ನಿಂತಿರಬೇಕು. ಚರಂಡಿಯ ವಾಸನೆ ಮನೆಯೊಳಗೆ ಬಾರದಂತೆ ತಡೆಯುವುದು ಈ ನೀರೇ. ಕೂದಲು ಸಿಕ್ಕಿಕೊಳ್ಳುವುದೂ ಇಲ್ಲಿಯೇ.

ಮೊದಲು ಪರೀಕ್ಷೆ ಮಾಡಿ

ಜಾಲರಿ ತೆಗೆದು ಒಂದು ಬಕೆಟ್ ನೀರು ಸುರಿಯಿರಿ.

* ನೀರು ಸರಾಗವಾಗಿ ಇಳಿದರೆ ದೋಷ ಜಾಲರಿಯದ್ದು. ಹಳೆಯ ಬ್ರಷ್‌ನಿಂದ ಉಜ್ಜಿ ತೊಳೆದರೆ ಸಾಕು.
* ನಿಧಾನವಾಗಿ ಇಳಿದರೆ ಟ್ರ್ಯಾಪ್ ಕಟ್ಟಿಕೊಂಡಿದೆ.
* ಟ್ರ್ಯಾಪ್‌ಗೆ ನೀರು ಸಲೀಸಾಗಿ ಇಳಿದರೂ ಮೂಲೆಯಲ್ಲಿ ನಿಲ್ಲುತ್ತಿದ್ದರೆ ನೆಲದ ಇಳಿಜಾರು ಸರಿಯಿಲ್ಲ. ಎಷ್ಟು ಕ್ಲೀನ್ ಮಾಡಿದರೂ ಇದು ಹೋಗದು.

ಸ್ವಚ್ಛ ಮಾಡುವುದು ಹೇಗೆ?

1. ಕೈಗವಸು ಹಾಕಿಕೊಂಡು ಜಾಲರಿಯ ಸ್ಕ್ರೂ ಬಿಚ್ಚಿ. ಜಿರಳೆ ತಡೆಯುವ ಜಾಲರಿಯಾದರೆ ಒಳಗಿನ ಕಪ್ ಅನ್ನೂ ಹೊರತೆಗೆಯಿರಿ.

2. ತಂತಿಯ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ಕೂದಲನ್ನು ಮೇಲಕ್ಕೆ ಎಳೆಯಿರಿ. ಒಳಕ್ಕೆ ತಳ್ಳಬೇಡಿ, ಅದು ಮುಂದೆ ಹೋಗಿ ಪೈಪಿನ ಬಾಗಿನಲ್ಲಿ ಕೂರುತ್ತದೆ. ತೆಗೆದ ಕಸವನ್ನು ಕಮೋಡ್‌ಗೆ ಹಾಕದೆ ಕಸದ ಬುಟ್ಟಿಗೆ ಹಾಕಿ.

3. ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ಹಾಕಿ, ಬಿಸಿ ನೀರು ಸುರಿಯಿರಿ. ಕುದಿಯುವ ನೀರು ಬೇಡ, ಪಿವಿಸಿ ಪೈಪ್ ಮೆತ್ತಗಾಗುತ್ತದೆ.

4. ಆಗಲೂ ನಿಧಾನವಾದರೆ ಪ್ಲಂಜರ್ ಬಳಸಿ. ಅದರ ರಬ್ಬರ್ ಮುಳುಗುವಷ್ಟು ನೀರಿರಲಿ. ವಾಷ್‌ಬೇಸಿನ್ ನೀರು ಅದೇ ಟ್ರ್ಯಾಪ್‌ಗೆ ಬರುತ್ತಿದ್ದರೆ ಆ ರಂಧ್ರವನ್ನು ಒದ್ದೆ ಬಟ್ಟೆಯಿಂದ ಮುಚ್ಚಿ. ಇಲ್ಲದಿದ್ದರೆ ಒತ್ತಡವೆಲ್ಲ ಅಲ್ಲಿಂದ ಹೊರಹೋಗುತ್ತದೆ.

ಅಡುಗೆ ಸೋಡಾ, ವಿನೆಗರ್ ಸುರಿದರೆ ನೊರೆ ಬರುತ್ತದೆ, ವಾಸನೆಯೂ ಸ್ವಲ್ಪ ಕಡಿಮೆಯಾಗಬಹುದು. ಆದರೆ ಅದು ಕೂದಲನ್ನು ಕರಗಿಸುವುದಿಲ್ಲ.

ಆ್ಯಸಿಡ್ ಏಕೆ ಬೇಡ?

ಆ್ಯಸಿಡ್ ಕೂಡ ಕೂದಲಿನ ಉಂಡೆಯನ್ನು ಸುಲಭವಾಗಿ ಕರಗಿಸದು. ಬದಲಿಗೆ ಟೈಲ್ಸ್ ನಡುವಿನ ಸಿಮೆಂಟ್, ಮಾರ್ಬಲ್ ಮತ್ತು ಸ್ಟೀಲ್ ಜಾಲರಿಯನ್ನು ತಿನ್ನುತ್ತದೆ. ಟೈಲ್ಸ್ ಸಂದು ಬಿಟ್ಟರೆ ನೀರು ಕೆಳಗಿನ ಮನೆಯ ಸೀಲಿಂಗ್‌ಗೆ ಸೋರಬಹುದು.

ಅದಕ್ಕಿಂತ ದೊಡ್ಡ ಅಪಾಯ ಬೇರೆಯಿದೆ. ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ಇರುವ ಕ್ಲೀನರ್ ಜತೆ ಆ್ಯಸಿಡ್ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಾತ್‌ರೂಮ್‌ನಲ್ಲಿ ಇದು ಪ್ರಾಣಕ್ಕೇ ಕುತ್ತು ತರಬಹುದು. ಕಣ್ಣು ಉರಿ, ಕೆಮ್ಮು, ಉಸಿರಾಟದ ತೊಂದರೆ ಕಂಡರೆ ತಕ್ಷಣ ಹೊರಗೆ ಬಂದು ವೈದ್ಯರನ್ನು ಕಾಣಿ. ಈಗಾಗಲೇ ಯಾವುದೇ ಕೆಮಿಕಲ್ ಹಾಕಿದ್ದರೆ ಪ್ಲಂಜರ್ ಬಳಸಬೇಡಿ, ಮುಖಕ್ಕೆ ಸಿಡಿಯುತ್ತದೆ. ಪ್ಲಂಬರ್ ಬಂದಾಗ ಅವರಿಗೂ ಮೊದಲೇ ತಿಳಿಸಿ.

ಪ್ಲಂಬರ್ ಯಾವಾಗ ಬೇಕು?

ಬಾತ್‌ರೂಮ್ ಜತೆಗೆ ಕಮೋಡ್, ಬೇಸಿನ್‌ನಲ್ಲೂ ನೀರು ನಿಂತರೆ ಅಥವಾ ಗುಳುಗುಳು ಸದ್ದು ಬಂದರೆ ಅಡಚಣೆ ಮುಂದಿನ ಪೈಪಿನಲ್ಲಿದೆ. ಅಕ್ಕಪಕ್ಕದ ಫ್ಲ್ಯಾಟ್‌ಗಳಲ್ಲೂ ಇದೇ ಪಾಡಾದರೆ ಕಟ್ಟಡದ ಪೈಪ್ ಅಥವಾ ಚೇಂಬರ್ ಕಟ್ಟಿಕೊಂಡಿರಬಹುದು. ಸೊಸೈಟಿಗೆ ದೂರು ಕೊಡಿ.

ಮತ್ತೆ ಕಟ್ಟಿಕೊಳ್ಳದಿರಲು

ತಲೆಸ್ನಾನವಾದ ಕೂಡಲೇ ಜಾಲರಿ ಮೇಲಿನ ಕೂದಲು ತೆಗೆಯಿರಿ. ತಿಂಗಳಿಗೊಮ್ಮೆ ಟ್ರ್ಯಾಪ್ ತೆರೆದು ಸ್ವಚ್ಛ ಮಾಡಿ. ನೀರು ಬೇಗ ಹೋಗಲೆಂದು ಒಳಗಿನ ಕಪ್ ಅನ್ನು ಶಾಶ್ವತವಾಗಿ ತೆಗೆದಿಡಬೇಡಿ, ವಾಸನೆ ಮತ್ತು ಜಿರಳೆಗೆ ದಾರಿಯಾಗುತ್ತದೆ. ರಜೆಗೆ ಊರಿಗೆ ಹೋಗಿ ಬಂದಾಗ ಬಾತ್‌ರೂಮ್ ನಾರುತ್ತಿದ್ದರೆ ಗಾಬರಿ ಬೇಡ. ಟ್ರ್ಯಾಪ್‌ನ ನೀರು ಆರಿರುತ್ತದೆ, ಒಂದೆರಡು ಮಗ್ ನೀರು ಹಾಕಿದರೆ ಸರಿಹೋಗುತ್ತದೆ.