ಇ.ಸಿ.ಜಿ. ಯಂತ್ರ ಹತ್ತಿರ ಬಂದಿದೆ, ನೀವೂ ಬೇಗ ಬನ್ನಿ

ಎದೆಗೆ ತಣ್ಣನೆಯ ಜೆಲ್ ಹಚ್ಚಿ ತಂತಿ ಜೋಡಿಸುವಾಗ ಅನೇಕರು "ಸಿಸ್ಟರ್, ಶಾಕ್ ಹೊಡೆಯುವುದಿಲ್ಲ ತಾನೆ?" ಎಂದು ಕೇಳುತ್ತಾರೆ. ಇಲ್ಲ. ಇ.ಸಿ.ಜಿ. ಯಂತ್ರ ದೇಹದೊಳಕ್ಕೆ ವಿದ್ಯುತ್ ಹರಿಸುವುದಿಲ್ಲ. ಹೃದಯ ತಾನೇ ಹೊರಡಿಸುವ ಅತಿ ಸೂಕ್ಷ್ಮ ವಿದ್ಯುತ್ತನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುತ್ತದೆ, ಅಷ್ಟೆ.

ಶತಮಾನದ ಹಿಂದೆ ಹಾಲೆಂಡಿನ ಐಂತೋವನ್ ರೂಪಿಸಿದ ಯಂತ್ರ ಇನ್ನೂರೈವತ್ತು ಕಿಲೋಗೂ ಹೆಚ್ಚು ಭಾರವಿತ್ತು. 2007-08ರ ಸುಮಾರಿನಲ್ಲಿ ನಮ್ಮ ವೈಟ್‌ಫೀಲ್ಡಿನ ಜಿ.ಇ. ಕೇಂದ್ರದ ಎಂಜಿನಿಯರುಗಳು ಒಂದೂವರೆ ಕಿಲೋ ಸಹ ತೂಗದ 'ಮ್ಯಾಕ್ 400' ಯಂತ್ರವನ್ನು ಸಿದ್ಧಪಡಿಸಿದರು. ಬಸ್ ಟಿಕೆಟ್ ಮುದ್ರಿಸುವ ಪುಟ್ಟ ಪ್ರಿಂಟರನ್ನೇ ಅದಕ್ಕೆ ಹೊಂದಿಸಿದರು. ಬ್ಯಾಟರಿಯಿಂದ ನಡೆಯುವುದರಿಂದ ಕರೆಂಟ್ ಹೋದರೂ ಚಿಂತೆಯಿಲ್ಲ. ಬೆಲೆಯೂ ದೊಡ್ಡ ಯಂತ್ರಗಳಿಗಿಂತ ಬಹಳ ಕಡಿಮೆ. ಹೀಗೆ ಸಣ್ಣ ಕ್ಲಿನಿಕ್‌ಗೂ ಇ.ಸಿ.ಜಿ. ಸಾಧ್ಯವಾಯಿತು.

ಆದರೆ ಯಂತ್ರ ಅಗ್ಗವಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಎದೆಯ ಮೇಲಿನ ಆರು ಬಿಂದುಗಳಲ್ಲಿ ಒಂದು ಪಕ್ಕೆಲುಬಿನಷ್ಟು ಮೇಲೆ-ಕೆಳಗೆ ಆದರೂ ಗೆರೆ ಬದಲಾಗಬಹುದು. ಸಂಕೋಚದಿಂದ ರವಿಕೆ ಸಡಿಲಿಸದ ತಾಯಂದಿರಲ್ಲಿ ಹೀಗಾಗುವುದು ಹೆಚ್ಚು. ಪರದೆ ಎಳೆಯಿರಿ ಎಂದು ಧಾರಾಳವಾಗಿ ಕೇಳಿ. ಅದು ನಿಮ್ಮ ಹಕ್ಕು. ಮೊದಲ ಇ.ಸಿ.ಜಿ. ಸರಿಯಿದ್ದರೂ ನೋವು ಮುಂದುವರಿದರೆ ಮತ್ತೆ ತೆಗೆಯಬೇಕಾಗುತ್ತದೆ. ದುಡ್ಡಿಗಾಗಿ ಎಂದು ತಿಳಿಯಬೇಡಿ.

ಎಲ್ಲಕ್ಕಿಂತ ದೊಡ್ಡ ತೊಡಕು ಮನೆಯಲ್ಲೇ ಕಳೆಯುವ ಹೊತ್ತು. ಪೀಣ್ಯದಲ್ಲಿ ರಾತ್ರಿ ಪಾಳಿ ಮುಗಿಸಿದವರು ಎದೆ ಹಿಂಡಿದರೆ "ಗ್ಯಾಸ್" ಎಂದು ಸೋಡಾ ಕುಡಿದು ಮಲಗುತ್ತಾರೆ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ಎದೆನೋವೇ ಇಲ್ಲದೆ ಬರೀ ಬೆವರು, ಉಬ್ಬಸ, ದವಡೆ ನೋವು ಬರಬಹುದು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ 12 ಗಂಟೆಯವರೆಗೂ ಕೊಡಬಹುದಾದರೂ ಮೊದಲ 3 ಗಂಟೆಗಳಲ್ಲಿ ಅದರ ಪ್ರಯೋಜನ ಅತಿ ಹೆಚ್ಚು. ಸರ್ಕಾರ 2023ರಲ್ಲಿ ಪ್ರಕಟಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಉದ್ದೇಶವೂ ಇದೇ: ತಾಲ್ಲೂಕು ಆಸ್ಪತ್ರೆಯ ಇ.ಸಿ.ಜಿ.ಯನ್ನು ಜಯದೇವದಂಥ ಕೇಂದ್ರದ ತಜ್ಞರು ದೂರದಿಂದಲೇ ನೋಡಿ ಹೇಳಿದರೆ, ದುಬಾರಿ ಇಂಜೆಕ್ಷನ್ ಅಲ್ಲಿಯೇ ಉಚಿತವಾಗಿ ಸಿಗಬೇಕು.

ಆದ್ದರಿಂದ ಅನುಮಾನ ಬಂದೊಡನೆ 108ಕ್ಕೆ ಕರೆ ಮಾಡಿ. ರೋಗಿಯೇ ಬೈಕ್ ಓಡಿಸಿಕೊಂಡು ಬರುವುದು ಬೇಡ. ಜೊತೆಗೆ ಬರುವವರು ನೋವು ಶುರುವಾದ ಸಮಯವನ್ನು ಕಾಗದದ ಮೇಲೆ ಬರೆದು ತನ್ನಿ, ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನೂ ತನ್ನಿ. ಆ ಇಂಜೆಕ್ಷನ್ ಎಲ್ಲರಿಗೂ ಹೊಂದುವುದಿಲ್ಲ. ರೋಗಿಗೆ ಹಿಂದೆ ಮೆದುಳಿನಲ್ಲಿ ರಕ್ತಸ್ರಾವ ಅಥವಾ ಇತ್ತೀಚೆಗೆ ಆಪರೇಷನ್ ಆಗಿದ್ದರೆ ಕೇಳುವ ಮೊದಲೇ ವೈದ್ಯರಿಗೆ ಹೇಳಿಬಿಡಿ.